ಬಾಳೆಗೊನೆಯ ಹಾಗೆ ನೇತಾಡುತ್ತಾ

"ಕೆಳಗಿಂದಲೇ ನೋಡಿದ್ರೆ ಸಾಕು ಕಣೇ" ಅಂದಳು ಅಮ್ಮ. ಆದರೆ ಅವಳ ಕಣ್ಣು ಮೇಲೇ ಇತ್ತು. ಅಲ್ಲಿ ಒಂದು ದಪ್ಪ ಉಕ್ಕಿನ ಹಗ್ಗ, ಅದಕ್ಕೆ ನೇತುಹಾಕಿದ ಸಾಲು ಸಾಲು ಕುರ್ಚಿಗಳು, ಕಾಲು ಇಳಿಬಿಟ್ಟು ಕೂತ ಜನ. ಯಾರಿಗೂ ಅವಸರ ಇದ್ದ ಹಾಗಿರಲಿಲ್ಲ.

ನಾವು ಹೋಗಿದ್ದು ಅಮೆರಿಕದ ಮಿನೆಸೋಟಾ ರಾಜ್ಯದ ದೊಡ್ಡ ಮೇಳ, ಮಿನೆಸೋಟಾ ಸ್ಟೇಟ್ ಫೇರ್‌ಗೆ. ಸೇಂಟ್ ಪಾಲ್ ಪಕ್ಕದ ಫಾಲ್ಕನ್ ಹೈಟ್ಸ್‌ನಲ್ಲಿ ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರಿನ ಮೊದಲ ಸೋಮವಾರ, ಅಂದರೆ ಅಲ್ಲಿನ ಕಾರ್ಮಿಕರ ದಿನ ಲೇಬರ್ ಡೇಯಂದು ಮುಗಿಯುವ 12 ದಿನದ ಮೇಳ. ಮೊದಲ ಸಲ ನಡೆದದ್ದು 1859ರಲ್ಲಿ. 2019ರಲ್ಲಂತೂ 21 ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. ಪ್ರತಿ ವರ್ಷ ಈ ಮೇಳಕ್ಕೂ ಮುಂಚೆ ಬೇಸಿಗೆಯಲ್ಲಿ ಒಂದೊಂದು ಕೌಂಟಿಯಲ್ಲೂ, ಅಂದರೆ ಜಿಲ್ಲೆಯಲ್ಲೂ ಸಣ್ಣ ಮೇಳಗಳು ನಡೆಯುತ್ತವೆ. ಅಲ್ಲಿ ತಮ್ಮ ದನ, ಕುರಿ, ಹಂದಿಗೆ ಬಹುಮಾನ ಗೆದ್ದ ಫೋರ್-ಎಚ್ ಅನ್ನುವ ಯುವಜನ ಸಂಘದ ಮಕ್ಕಳು ಅವನ್ನು ಇಲ್ಲಿಗೆ ಕರೆತರುತ್ತಾರೆ.

"ದನಗಳ ಜಾತ್ರೆ ಅನ್ನು ಮತ್ತೆ" ಅಂದಳು ಅಮ್ಮ. ತುಮಕೂರು ಕಡೆಯವಳು. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನಗಳ ಜಾತ್ರೆ ನೋಡಿಕೊಂಡೇ ಬೆಳೆದವಳು. ಅವಳನ್ನು ಬೆರಗುಗೊಳಿಸುವುದು ಸುಲಭದ ಮಾತಲ್ಲ.

ಬೆಳಿಗ್ಗೆಯೇ ಪ್ರಯತ್ನ ಮಾಡಿ ಸೋತಿದ್ದೆ. ಸುಟ್ಟ ಜೋಳವನ್ನು ಬೆಣ್ಣೆಯಲ್ಲಿ ಅದ್ದಿ ಕೊಟ್ಟರೆ, ಖಾರ ಉಪ್ಪು ನಿಂಬೆಹಣ್ಣು ಎಲ್ಲಿ ಅಂದಳು. ಒಂದು ಸಲ ದುಡ್ಡು ಕೊಟ್ಟರೆ ಹೊಟ್ಟೆ ತುಂಬುವಷ್ಟು ತಣ್ಣನೆ ಹಾಲು ಕುಡಿಸುವ ಅಂಗಡಿಯಲ್ಲಿ, "ಕಾಯಿಸಿದಾರೋ ಇಲ್ವೋ ಕೇಳು" ಅಂತ ನನ್ನ ಮೊಣಕೈ ತಿವಿದಳು. ಹಾಲನ್ನು ಬಿಸಿಮಾಡಿ ಕ್ರಿಮಿ ಕೊಲ್ಲುವ ಪಾಶ್ಚರೀಕರಣ ಅಂದರೆ ಏನು ಅಂತ ಸಾಲಿನಲ್ಲಿ ನಿಂತೇ ವಿವರಿಸಬೇಕಾಯಿತು.

ಅವಳು ನಿಂತು ನೋಡಿದ್ದು ಡೈರಿ ಕಟ್ಟಡದಲ್ಲಿ. ಗಾಜಿನ ಕೋಣೆಯೊಂದು ಮೆಲ್ಲಗೆ ತಿರುಗುತ್ತಿತ್ತು. ಒಳಗೆ ಫ್ರಿಜ್ಜಿನ ಚಳಿ. ಹೊರಗೆ ನಾವು ಬೆವರುತ್ತಿದ್ದರೆ, ಒಳಗೆ ಒಬ್ಬ ಹುಡುಗಿ ದಪ್ಪ ಕೋಟು ಹಾಕಿಕೊಂಡು ಕೂತಿದ್ದಳು. ಅವಳ ಎದುರಿಗೆ 90 ಪೌಂಡ್, ಅಂದರೆ ಸುಮಾರು 40 ಕೆ.ಜಿ. ಬೆಣ್ಣೆಯ ಗಟ್ಟಿ. ಶಿಲ್ಪಿ ಅದರಲ್ಲಿ ಅವಳ ಮುಖವನ್ನೇ ಕೆತ್ತುತ್ತಿದ್ದರು. ಹೈನುಗಾರಿಕೆಯ ರಾಯಭಾರಿಯಾಗಿ ಆಯ್ಕೆಯಾಗುವ ಹುಡುಗಿಗೆ 'ಪ್ರಿನ್ಸೆಸ್ ಕೇ' ಅನ್ನುವ ಬಿರುದು. ಬೆಣ್ಣೆಯಲ್ಲಿ ಕೆತ್ತುವ ಈ ರೂಢಿ 1965ರಿಂದ ಇದೆ. ಲಿಂಡಾ ಕ್ರಿಸ್ಟೆನ್ಸನ್ ಅನ್ನುವ ಶಿಲ್ಪಿ ಹೆಚ್ಚುಕಡಿಮೆ ಐವತ್ತು ವರ್ಷ ಇದೇ ಕೆಲಸ ಮಾಡಿದ್ದಾರೆ. ಅಮ್ಮನಿಗೆ ಬಿರುದು ಬೇಕಿರಲಿಲ್ಲ. ಕೆತ್ತುವಾಗ ಉದುರುತ್ತಿದ್ದ ಚೂರುಗಳನ್ನೇ ನೋಡುತ್ತಿದ್ದಳು. "ಅದನ್ನ ಏನ್ಮಾಡ್ತಾರೆ?" ಅಂದಳು. ಎರಡು ಎಮ್ಮೆ ಕಟ್ಟಿಕೊಂಡು, ಬೆಣ್ಣೆ ಮಾರಿ ನನ್ನ ಕಾಲೇಜು ಫೀಸು ಕಟ್ಟಿದವಳು. ಕೇಳದೆ ಇರುತ್ತಾಳಾ?

ಅಲ್ಲಿಂದ ಹೊರಗೆ ಬರುವ ಹೊತ್ತಿಗೆ ಅವಳ ಮಂಡಿ ನೋಯತೊಡಗಿತ್ತು. ಹಾಗಾಗಿ ಕುರ್ಚಿ ಸವಾರಿ. ಹೆಸರು ಸ್ಕೈಗ್ಲೈಡರ್. ಇದೇ ಮೇಳದಲ್ಲಿ ಮುಚ್ಚಿದ ಡಬ್ಬಿಗಳಲ್ಲಿ ಹೋಗುವ ಸ್ಕೈರೈಡ್ ಕೂಡ ಇದೆ. ನನಗೆ ಅದು ಬಸ್ಸಿನಲ್ಲಿ ಕೂತ ಹಾಗೆ. ಕಾಲಿಗೆ ಗಾಳಿ ತಾಗದಿದ್ದರೆ ಏನು ಮಜ?

ಸಾಲಿನಲ್ಲಿ ನಿಂತಾಗ ನನ್ನ ಗಂಡ ಒಂದು ಕಥೆ ಹೇಳಿದ. ಕಥೆ ಅಂದರೂ ನಡೆದದ್ದೇ. ಜಿಮ್ ಕರನ್ ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್. ಹಡಗಿಗೆ ಬಾಳೆಗೊನೆ ತುಂಬಲು ಕೊಕ್ಕೆಗಳಿದ್ದ ಓಡುವ ತಂತಿ ಬಳಸುತ್ತಿದ್ದುದು ಅವನಿಗೆ ಗೊತ್ತಿತ್ತು. ಕೊಕ್ಕೆಯ ಜಾಗದಲ್ಲಿ ಕುರ್ಚಿ ಸಿಕ್ಕಿಸಿದರೆ ಜನರನ್ನೇ ಗುಡ್ಡಕ್ಕೆ ಸಾಗಿಸಬಹುದಲ್ಲ ಅಂದುಕೊಂಡ. 1936ರಲ್ಲಿ ಐಡಾಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಡುವವರಿಗಾಗಿ ಜಗತ್ತಿನ ಮೊದಲ ಚೇರ್‌ಲಿಫ್ಟ್ ಬಂತು.

"ಅಂದ್ರೆ ನಾವೀಗ ಬಾಳೆಗೊನೆ" ಅಂದಳು ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕುರ್ಚಿ ಯಾರಿಗಾಗಿಯೂ ನಿಲ್ಲುವುದಿಲ್ಲ. ಗುರುತು ಹಾಕಿದ ಕಡೆ ನಿಂತು ಹಿಂದೆ ತಿರುಗಿ ನೋಡುವಷ್ಟರಲ್ಲಿ ಮಂಡಿಯ ಹಿಂದೆ ಬಂದು ತಾಗುತ್ತದೆ. ತಕ್ಷಣ ಕೂರಬೇಕು. ಕೆಲಸದ ಹುಡುಗ ಅಡ್ಡ ಕಂಬಿ ಎಳೆದ. ಒಂದೇ ಉಸಿರಿಗೆ ನೆಲ ಬಿಟ್ಟಿದ್ದೆವು. ಅಮ್ಮ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. "ಯಾರ ತಲೆ ಮೇಲಾದ್ರೂ ಬಿದ್ರೆ?"

ನಮ್ಮೂರ ಜಾತ್ರೆಯ ಜಯಂಟ್ ವೀಲ್ ಎತ್ತರಕ್ಕೆ ಒಯ್ದು, ಕಣ್ಣು ತೆರೆಯುವಷ್ಟರಲ್ಲಿ ಕೆಳಗಿಳಿಸಿಬಿಡುತ್ತದೆ. ಇದು ಹಾಗಲ್ಲ. ಮರದ ತುದಿಯ ಎತ್ತರದಲ್ಲಿ ಎತ್ತಿನ ಗಾಡಿಯ ವೇಗ. ಕರಿದ ಎಣ್ಣೆಯ ವಾಸನೆ ದಾಟಿದರೆ ಸುಟ್ಟ ಜೋಳದ್ದು, ಆಮೇಲೆ ಸಕ್ಕರೆ ಪಾಕದ್ದು. ಕೆಳಗೆ ಒಂದು ಮಗು ರಚ್ಚೆ ಹಿಡಿದಿತ್ತು. ಅಂಗಡಿಗಳ ಬಣ್ಣದ ಮುಖ ಮಾತ್ರ ನೋಡಿದ್ದ ನಮಗೆ ಈಗ ಅವುಗಳ ಬೋಳು ಮಾಡು ಕಾಣುತ್ತಿತ್ತು.

ನಡುದಾರಿಯಲ್ಲಿ ಕುರ್ಚಿ ತಟ್ಟನೆ ನಿಂತು ಹಿಂದೆ ಮುಂದೆ ತೂಗಿತು. ಕುರ್ಚಿಗಳೆಲ್ಲ ಒಂದೇ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಎರಡು ತುದಿಯ ದೊಡ್ಡ ಚಕ್ರಗಳನ್ನು ಸುತ್ತುವ ಹಗ್ಗ ಅದು. ಯಾರೋ ಒಬ್ಬರು ಇಳಿಯಲು ಒದ್ದಾಡಿದರೂ ಎಲ್ಲರೂ ನಿಲ್ಲಬೇಕು. ನಾನು ಕಂಬಿ ಗಟ್ಟಿಯಾಗಿ ಹಿಡಿದೆ. ಅಮ್ಮ ಹಿಡಿಯಲಿಲ್ಲ.

"ಎಲ್ಲರ ನೆತ್ತಿ ಕಾಣ್ತದೆ ನೋಡು" ಅಂದಳು. "ಸಿದ್ಧಗಂಗೆಗೆ ಹೋಗುವಾಗ ನಮ್ಮಪ್ಪ ಗಾಡಿಲಿ ಹುಲ್ಲಿನ ಹೊರೆ ಮೇಲೆ ಕೂರಿಸ್ತಿದ್ದ. ಆವಾಗ ಹಿಂಗೇ ಕಾಣ್ತಿತ್ತು. ಮದುವೆ ಆದ್ಮೇಲೆ ಜಾತ್ರೆ ಅಂದ್ರೆ ಬರೀ ಬೆನ್ನುಗಳು."

ಈ ಮಾತನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಏನಾದರೂ ಕೇಳೋಣ ಅನ್ನುವಷ್ಟರಲ್ಲಿ ಹಗ್ಗ ಮತ್ತೆ ಓಡಿತು. ಆಮೇಲೆ ಅವಳ ಗಮನವೆಲ್ಲ ಇಳಿಯುವುದರ ಮೇಲೆ. ಇಳಿಯುವುದೇ ಕಷ್ಟ ನೋಡಿ. ಕಾಲು ನೆಲಕ್ಕೆ ತಾಗಿದ ಕೂಡಲೇ ಎದ್ದು ಪಕ್ಕಕ್ಕೆ ಸರಿಯಬೇಕು. ಅಮ್ಮ ಬರಿಗಾಲಲ್ಲೇ ಸರಸರ ನಡೆದುಬಿಟ್ಟಳು. ಎಡವಿದ್ದು ನಾನು.

ರಾತ್ರಿ ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ತಂತಿಗೆ ಕುರ್ಚಿ ಕಟ್ಟಿ ನಮ್ಮನ್ನು ಬಾಳೆಗೊನೆ ಥರ ಸಾಗಿಸಿದರು ಅಂದಾಗ ಚಿಕ್ಕಮ್ಮ "ಹೌದಾ" ಅಂದು ನಂಬಿದಳು. ಬೆಣ್ಣೆಯ ವಿಷಯ ಬಂದಾಗ ಮಾತ್ರ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ.

"ನಲವತ್ತು ಕೆ.ಜಿ. ಬೆಣ್ಣೇಲಿ ಹುಡುಗಿ ತಲೆನಾ? ಸುಮ್ನೆ ಸುಳ್ಳು ಹೇಳ್ಬೇಡಕ್ಕ."