ಕಟ್ಟಿಗೆ ಮನೆಯ ಹಿಂದೆ ಸೇದಿದ ಸಿಗರೇಟು

ಮಗ ಹುಟ್ಟಿ 23 ದಿನಗಳಾಗಿದ್ದವು. ಬೆಂಗಳೂರಿನ ಕೆಲಸದ ವರ್ಷಗಳಲ್ಲಿ ಅಂಟಿಕೊಂಡಿದ್ದ ಸಿಗರೇಟನ್ನು ಗರ್ಭಿಣಿಯೆಂದು ತಿಳಿದ ದಿನವೇ ಬಿಟ್ಟಿದ್ದ ನಾನು, ಬಾಣಂತನಕ್ಕೆಂದು ಶಿರಸಿ ಸಮೀಪದ ತವರಿಗೆ ಬಂದ ಮೇಲೆ, ರಾತ್ರಿಯಿಡೀ ನಿದ್ದೆಗೆಟ್ಟ ಒಂದು ಮುಂಜಾವಿನಲ್ಲಿ, ಪರ್ಸಿನ ತಳದಲ್ಲಿ ಉಳಿದಿದ್ದ ಹಳೆಯ ಪ್ಯಾಕಿನಿಂದ ಒಂದನ್ನು ತೆಗೆದು ಕಟ್ಟಿಗೆ ಮನೆಯ ಹಿಂದೆ ನಿಂತು ಸೇದಿದೆ.

ಒಳಗೆ ಬಂದಾಗ ಮಗು ಅಳುತ್ತಿತ್ತು. ಎತ್ತಿಕೊಳ್ಳಲು ಕೈ ಚಾಚಿದವಳು ಹಿಂದೆ ಸರಿದೆ. ನನ್ನ ಹಾಲು ಕೆಟ್ಟುಹೋಗಿದೆ ಎಂದೇ ನಂಬಿಬಿಟ್ಟಿದ್ದೆ. "ಎಂತಾತೆ ತಂಗಿ?" ಎಂದು ಆಯಿ, ನನ್ನ ಅಮ್ಮ, ಕೇಳಿದಾಗ ಹಾಲು ಬರುತ್ತಿಲ್ಲವೆಂದು ಸುಳ್ಳು ಹೇಳಿದೆ. ಪೇಟೆಯಿಂದ ಹಾಲಿನ ಪುಡಿಯ ಡಬ್ಬಿ ಬಂತು. ಎರಡು ದಿನಗಳಲ್ಲಿ ಎದೆ ಕಲ್ಲಿನಂತೆ ಬಿಗಿದು ಜ್ವರ ಏರಿತು.

ಆರೋಗ್ಯ ಕೇಂದ್ರದಲ್ಲಿ ಆಯಿಯನ್ನು ಹೊರಗೆ ಕೂರಿಸಿ ಸಿಸ್ಟರ್ ಎದುರು ಎಲ್ಲವನ್ನೂ ಹೇಳಿಕೊಂಡೆ. ಅವರು ಗದರಲಿಲ್ಲ. ನಿಕೋಟಿನ್ ಹಾಲಿಗೆ ಇಳಿಯುವುದು ನಿಜ, ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಇಳಿಯುತ್ತದೆ, ಅದರಿಂದ ಮಗುವಿನ ನಿದ್ದೆ ಕೆಡುತ್ತದೆ. ಆದರೆ ಸುಮಾರು ಒಂದೂವರೆ ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿಯುವುದರಿಂದ, ಬಿಡಲು ಆಗದೇ ಹೋದ ದಿನವೂ ಮೊದಲು ಹಾಲೂಡಿಸಿ, ಆಮೇಲೆ ಮನೆಯ ಹೊರಗೆ ಸೇದಿ, ಬಟ್ಟೆ ಬದಲಿಸಿ ಕೈ ತೊಳೆದೇ ಮಗುವನ್ನು ಮುಟ್ಟಬೇಕು ಎಂದರು. ಸೇದುವ ತಾಯಿ ಮಗುವನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡರೆ ನಿದ್ದೆಯಲ್ಲೇ ಮಗು ಅಸುನೀಗುವ ಅಪಾಯ ಹೆಚ್ಚು ಎಂಬ ಮಾತನ್ನು ಎರಡು ಸಲ ಹೇಳಿದರು. ಹಾಲು ಹುಟ್ಟಿಸುವ ಹಾರ್ಮೋನನ್ನೇ ಧೂಮಪಾನ ತಗ್ಗಿಸುವುದರಿಂದ ಸೇದುವ ಎಷ್ಟೋ ತಾಯಂದಿರು ಬೇಗನೆ ಎದೆಹಾಲು ಬಿಡಿಸುತ್ತಾರಂತೆ. ಆದರೆ ಕೆಮ್ಮು, ಭೇದಿಗಳಿಂದ ಕಾಯುವ ಹಾಲನ್ನು ಹೆದರಿ ನಿಲ್ಲಿಸುವುದು ಮಗುವಿಗೆ ಇನ್ನೊಂದು ನಷ್ಟ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ! ಆದರೆ ಬಾಣಂತಿ ಸಿಗರೇಟಿನ ಮಾತನ್ನು ಯಾರ ಬಳಿ ಎತ್ತಬೇಕು?

ಕವಳಕ್ಕೆ, ಅಂದರೆ ಎಲೆ-ಅಡಿಕೆಗೆ, ಹಾಕುವ ಹೊಗೆಸೊಪ್ಪಿನಲ್ಲಿಯೂ ಇದೇ ನಿಕೋಟಿನ್ ಇದೆ ಎಂದು ಸಿಸ್ಟರ್ ಹೇಳಿದ್ದು ಸಂಜೆ ಆಯಿಗೆ ನಿಜ ತಿಳಿಸುವಾಗ ನೆನಪಾಯಿತು. ಆಯಿ ಬಹಳ ಹೊತ್ತು ಮಾತಾಡಲಿಲ್ಲ. ನಿನಗೆ ಹಾಲು ಕುಡಿಸುವ ಕಾಲದಲ್ಲಿ ನಾನೂ ಹೊಗೆಸೊಪ್ಪು ಹಾಕುತ್ತಿದ್ದೆ, ನನಗೆ ಯಾರೂ ಬೇಡವೆನ್ನಲಿಲ್ಲ ಎಂದಳು. ಪ್ಯಾಕಿನಲ್ಲಿ ಉಳಿದಿದ್ದ ನಾಲ್ಕನ್ನು ಅವಳೇ ಬಚ್ಚಲೊಲೆಗೆ ಹಾಕಿದಳು.

ಬಾಟಲಿಗೆ ಹೊಂದಿಕೊಂಡಿದ್ದ ಮಗ ಮತ್ತೆ ಮೊಲೆ ಹಿಡಿಯಲು ಮೂರು ದಿನ ಬೇಕಾಯಿತು. ಬೆಂಗಳೂರಿಗೆ ಮರಳಿದ ಮೇಲೆ ಎರಡು ಬಾರಿ ಸೇದಿದ್ದೇನೆ, ಎರಡೂ ಬಾರಿ ಅವನಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆಯೇ. ಹದಿನಾಲ್ಕು ತಿಂಗಳವರೆಗೂ ಅವನು ನನ್ನ ಹಾಲು ಕುಡಿದ.