685 ಸೆಕೆಂಡಿನ ಕಕ್ಷೆ

ಧನು ರಾಶಿಯ ದಿಕ್ಕಿನಲ್ಲಿರುವ ಎನ್‌ಜಿಸಿ 6624 ಎಂಬ ಗೋಳಗುಚ್ಛದ (ಗುರುತ್ವದಿಂದ ಒಟ್ಟಾಗಿರುವ ನಕ್ಷತ್ರಗಳ ಗೋಳಾಕಾರದ ದಟ್ಟ ಗುಂಪಿನ) ನಡುಭಾಗದಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರವೂ (ಸ್ಫೋಟಿಸಿದ ಭಾರೀ ನಕ್ಷತ್ರದ ಅತಿಸಾಂದ್ರ ಶೇಷ) ಹೀಲಿಯಂನಿಂದಾದ ಒಂದು ಪುಟ್ಟ ಶ್ವೇತಕುಬ್ಜವೂ (ಇಂಧನ ಮುಗಿದ ನಕ್ಷತ್ರದ ಸಾಂದ್ರ ತಿರುಳು) ಪರಸ್ಪರ ಸುತ್ತುತ್ತಿವೆ. 4ಯು 1820-30 ಎಂಬ ಈ ಜೋಡಿ 685 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ನ್ಯೂಟ್ರಾನ್ ನಕ್ಷತ್ರದ ದ್ರವ್ಯರಾಶಿ ಸೂರ್ಯನ 1.4 ಪಟ್ಟು ಎಂದಿಟ್ಟುಕೊಂಡು ಕೆಪ್ಲರನ ನಿಯಮದಂತೆ ಲೆಕ್ಕ ಹಾಕಿದರೆ, ಎರಡರ ನಡುವಿನ ಅಂತರ ಸುಮಾರು 1.3 ಲಕ್ಷ ಕಿಲೋಮೀಟರ್. ಭೂಮಿಗೂ ಚಂದ್ರನಿಗೂ ನಡುವಿನ ದೂರದ ಮೂರನೆಯ ಒಂದು ಭಾಗ ಮಾತ್ರ.

ಶ್ವೇತಕುಬ್ಜದಿಂದ ಸೆಳೆಯಲ್ಪಟ್ಟ ದ್ರವ್ಯ ನ್ಯೂಟ್ರಾನ್ ನಕ್ಷತ್ರದ ಸುತ್ತ ತಟ್ಟೆಯಂತೆ ಹರಡಿ, ಅದರ ಮೇಲೆ ಬೀಳುವಾಗ ಕ್ಷ-ಕಿರಣ ಹೊಮ್ಮುತ್ತದೆ. ಆದರೆ ಒಂದು ಇನ್ನೊಂದನ್ನು ಮರೆಮಾಡುವ ಗ್ರಹಣ ಇಲ್ಲಿ ಕಾಣುವುದಿಲ್ಲ. ಕಾಣುವುದು ಕ್ಷ-ಕಿರಣದ ಪ್ರಮಾಣದಲ್ಲಿ ಶೇ. 3ರ ಆಸುಪಾಸಿನ ಏರಿಳಿತ, ಅಷ್ಟೇ. ಯುರೋಪಿನ ಎಕ್ಸೋಸ್ಯಾಟ್ ಉಪಗ್ರಹದ ದತ್ತಾಂಶದಲ್ಲಿ ಸ್ಟೆಲ್ಲಾ, ಪ್ರೀಡ್‌ಹಾರ್ಸ್ಕಿ ಮತ್ತು ವೈಟ್ ಇದನ್ನು ಗುರುತಿಸಿ 1987ರಲ್ಲಿ ಪ್ರಕಟಿಸಿದರು. ಆ ಉಪಗ್ರಹ ಭೂಮಿಯನ್ನು ಒಮ್ಮೆ ಸುತ್ತಲು 90 ಗಂಟೆಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದುದರಿಂದ, ಭೂಮಿ ಅಡ್ಡ ಬಾರದಂತೆ ಒಂದೇ ಆಕರವನ್ನು ಗಂಟೆಗಟ್ಟಲೆ ನೋಡಲು ಅದಕ್ಕೆ ಸಾಧ್ಯವಿತ್ತು. ಈ ಶೋಧಕ್ಕೆ ಉಪಕರಣದಷ್ಟೇ ಆ ಕಕ್ಷೆಯೂ ಕಾರಣವೆಂದು ನನ್ನ ಅಭಿಪ್ರಾಯ.

ಆದರೆ ಏರಿಳಿತ ಸಿಕ್ಕಿದ ಮಾತ್ರಕ್ಕೆ ಕಕ್ಷಾವಧಿ ಸಿಕ್ಕಿತೆನ್ನಲಾಗದು. ಅದು ವರ್ಷಗಳ ಕಾಲ ಲಯ ತಪ್ಪದೆ ನಡೆಯಬೇಕು. ಒಂದು ವರ್ಷದಲ್ಲಿ ಈ ಜೋಡಿ ಸುಮಾರು 46,000 ಸುತ್ತು ಹಾಕುತ್ತದೆ. ಅವಧಿಯಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ತಪ್ಪಿದ್ದರೂ ವರ್ಷಾಂತ್ಯಕ್ಕೆ ಅದು 460 ಸೆಕೆಂಡಿಗೆ ಬೆಳೆದು, ಅರ್ಧ ಸುತ್ತನ್ನೂ ಮೀರಿ, ಎಷ್ಟನೆಯ ಸುತ್ತಿನಲ್ಲಿದ್ದೇವೆ ಎಂಬ ಎಣಿಕೆಯೇ ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಗಂಟೆಗಳ, ಬಳಿಕ ದಿನಗಳ, ಆಮೇಲೆ ತಿಂಗಳುಗಳ ಅಂತರದ ವೀಕ್ಷಣೆಗಳನ್ನು ಒಂದರ ಮೇಲೊಂದು ಆಧರಿಸಿ ಅವಧಿಯನ್ನು ಬಿಗಿಗೊಳಿಸುತ್ತಾ ಹೋಗಬೇಕು.

ಈ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಇದೇ ಜೋಡಿ ನಿದರ್ಶನ. ಹಬಲ್ ದೂರದರ್ಶಕದ ನೇರಳಾತೀತ ದತ್ತಾಂಶವನ್ನು ವಿಶ್ಲೇಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 693.5 ಸೆಕೆಂಡಿನ ಅವಧಿಯನ್ನು ತೋರಿಸಿತು. ಸಂಗಾತಿಯ ಸೆಳೆತದಿಂದ ದ್ರವ್ಯದ ತಟ್ಟೆ ದೀರ್ಘವೃತ್ತಾಕಾರ ತಾಳಿ, ಕಕ್ಷೆಯ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿದರೆ, ಶ್ವೇತಕುಬ್ಜ ತಟ್ಟೆಯ ಅದೇ ಭಾಗದ ಎದುರಿಗೆ ಮರಳಲು ಒಂದು ಸುತ್ತಿಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಹಾಗಾಗಿ ಶೇ. 1ರಷ್ಟು ಉದ್ದವಾದ ಈ ಅವಧಿಯನ್ನು ತಟ್ಟೆಯದೆಂದೂ, ವರ್ಷಗಳಿಂದ ಲಯ ಉಳಿಸಿಕೊಂಡ 685 ಸೆಕೆಂಡನ್ನು ಕಕ್ಷೆಯದೆಂದೂ ಪರಿಗಣಿಸಲಾಗಿದೆ.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಫಲಿತಾಂಶ. ದ್ರವ್ಯ ಕಳೆದುಕೊಂಡಂತೆಲ್ಲ ಶ್ವೇತಕುಬ್ಜ ಹಿಗ್ಗುವುದರಿಂದ ಕಕ್ಷೆಯೂ ಹಿಗ್ಗಿ ಅವಧಿ ಹೆಚ್ಚಬೇಕಿತ್ತು. ಅಳತೆಯಲ್ಲಿ ಅದು ಕಡಿಮೆಯಾಗುತ್ತಿದೆ. ಜೋಡಿಯು ಗುಚ್ಛದ ಕೇಂದ್ರದ ಆಚೆ ಬದಿಯಲ್ಲಿದ್ದು, ಗುಚ್ಛದ ಗುರುತ್ವ ಅದನ್ನು ನಮ್ಮತ್ತ ಸೆಳೆಯುತ್ತಿದ್ದರೆ, ಅದರ ಕಿರಣಗಳು ಸುತ್ತಿನಿಂದ ಸುತ್ತಿಗೆ ತುಸು ಬೇಗ ನಮ್ಮನ್ನು ತಲುಪಿ ಅವಧಿ ಕುಗ್ಗಿದಂತೆ ಕಂಡೀತು ಎಂಬುದು ಬಹುಕಾಲದಿಂದ ಚರ್ಚೆಯಲ್ಲಿರುವ ವಿವರಣೆ. ಅದು ಸರಿಯಾದರೆ, ಎರಡು ನಕ್ಷತ್ರಗಳ ಸುತ್ತಾಟವನ್ನು ಅಳೆಯಹೊರಟವರು ಇಡೀ ಗುಚ್ಛದ ಒಡಲಲ್ಲಿರುವ ದ್ರವ್ಯವನ್ನೂ ತೂಗಿದಂತಾಗುತ್ತದೆ.