ದೀಪ ಹಿಡಿದ ಕೈಗೆ ಫೋನು ಬೇಡ: ನ್ಯೂಜೆರ್ಸಿಯಲ್ಲೊಂದು ಅಂಟಿಗೆ ಪಂಟಿಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ದೀಪಾವಳಿ ಮೊದಲು ಗೊತ್ತಾಗುವುದು ಕಿವಿಗೆ. ಊರ ಗುಡಿಯಲ್ಲಿ ಹಚ್ಚಿದ ದೀಪ ಹಿಡಿದು ಅಂಟಿಗೆ ಪಂಟಿಗೆಯವರು ರಾತ್ರಿಯೆಲ್ಲ ಮನೆಮನೆಗೆ ಬರುತ್ತಾರೆ, ಬಾಗಿಲು ತೆಗೆಸುವ ಪದ ಹಾಡುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ತಮ್ಮ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ಕಾಸು ಕೊಟ್ಟು ಕಳಿಸುತ್ತಾರೆ. ನ್ಯೂಜೆರ್ಸಿಯಂಥ ಕಡೆ ಮಲೆನಾಡಿನ ಆರೇಳು ಮನೆಯವರು ಸೇರಿದರೆ ಇದನ್ನು ಒಂದು ಸಂಜೆಗೆ ಹೊಂದಿಸಬಹುದು. ಎಡವಟ್ಟಾಗುವುದು ಎರಡೇ ಕಡೆ. ಒಂದೋ ದೀಪ ಆರುತ್ತದೆ, ಇಲ್ಲ ಎಲ್ಲರೂ ವಿಡಿಯೊ ಹಿಡಿದು ನಿಂತು, ಹಾಡಿಗೆ ದನಿಗೂಡಿಸಲು ಒಬ್ಬರೂ ಉಳಿಯುವುದಿಲ್ಲ.

ದೀಪಕ್ಕೆ ಎಳ್ಳೆಣ್ಣೆ ಹಾಕಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಲ್ಲಿನ ನವೆಂಬರ್ ಚಳಿಗೆ ಬತ್ತಿಗೇ ಏರುವುದಿಲ್ಲ. ಹಣತೆಯನ್ನು ಗಾಜಿನ ಲಾಟೀನಿನೊಳಗೆ ಕೂರಿಸಿ; ಮೇಲೆ ಬಿಸಿಗಾಳಿ ಹೋಗಲು ಕಿಂಡಿ ಇರಬೇಕು, ಇಲ್ಲದಿದ್ದರೆ ಜ್ವಾಲೆ ಹೊಗೆ ಕಾರಿ ಆರುತ್ತದೆ. ಅದೇ ದೀಪದಿಂದ ಹಚ್ಚಿದ ಇನ್ನೊಂದು ಲಾಟೀನು ಹಿಂದೆ ಬರಲಿ. ಮುಂದಿನದು ಆರಿದಾಗ ಜೇಬಿನಲ್ಲಿ ಲೈಟರ್ ತಡಕಾಡುವ ಮುಜುಗರ ತಪ್ಪುತ್ತದೆ. ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಬೆಂಕಿ ಒಯ್ಯುವುದಕ್ಕೆ ಬಾಡಿಗೆ ಕರಾರು ಬಿಡದೇ ಇರಬಹುದು, ಮೊದಲೇ ಕೇಳಿ. ಉರಿಯುವ ದೀಪವನ್ನು ಕಾರಿನಲ್ಲಿ ಸಾಗಿಸುವ ಹುಚ್ಚಂತೂ ಬೇಡ. ನಡೆದು ಹೋಗುವಷ್ಟು ದೂರದ ನಾಲ್ಕು ಮನೆ ಸಾಕು.

ಇನ್ನು ಕ್ಯಾಮೆರಾ. ಊರಲ್ಲಿರುವ ಅಮ್ಮನಿಗೆ ತೋರಿಸಬೇಕು ಅನ್ನುವ ಆಸೆಯಲ್ಲಿ ತಪ್ಪೇನಿಲ್ಲ. ಆದರೆ 2017ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಬರಾಶ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಮ್ಯೂಸಿಯಮ್ಮಿನಲ್ಲಿ ವಿವರಣೆ ಕೇಳಿಸಿಕೊಳ್ಳುತ್ತ ಫೋಟೊ ತೆಗೆದವರಿಗೆ, ತೆಗೆಯದವರಿಗಿಂತ ನೋಡಿದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಮ್ಮಿ. ಹಾಡೇ ಜೀವಾಳವಾದ ಅಂಟಿಗೆ ಪಂಟಿಗೆಗೆ ಇದಕ್ಕಿಂತ ದುಬಾರಿ ವ್ಯಾಪಾರ ಇಲ್ಲ.

ಹಾಗಾಗಿ ಚಿತ್ರ ಬಿಟ್ಟು ದನಿ ಹಿಡಿಯಿರಿ. ಒಂದೇ ಫೋನು, ವಾಯ್ಸ್ ರೆಕಾರ್ಡರ್ ಆನ್, ಏರೋಪ್ಲೇನ್ ಮೋಡ್ (ಹಾಡಿನ ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು). ಮುಂದಾಳು ಹಾಡುಗಾರರಿಂದ ಒಂದು ಮಾರು ದೂರದಲ್ಲಿ ಕಟ್ಟೆಯ ಮೇಲಿಟ್ಟು ಮರೆತುಬಿಡಿ. ಜೇಬಿನಲ್ಲಿಟ್ಟರೆ ಜಾಕೆಟ್ಟಿನ ಸರಸರ ಶಬ್ದವೇ ಹಾಡಾಗುತ್ತದೆ.

ವಿಡಿಯೊ ಬೇಕೇ ಬೇಕು ಅಂದರೆ ಒಂದು ಮನೆಯಲ್ಲಿ, ಬಾಗಿಲು ತೆರೆಯುವ ಹೊತ್ತಿನ ಎರಡೇ ನಿಮಿಷ. ಕತ್ತಲು ಕಂಡ ಫೋನು ತಾನಾಗಿಯೇ ಬೆಳಕು ಏರಿಸಿಕೊಳ್ಳುತ್ತದೆ. ದೀಪದ ಕುಡಿ ಬಿಳಿಯ ಹತ್ತಿಯುಂಡೆಯಂತೆ ಬರುತ್ತದೆ. ಪರದೆಯ ಮೇಲೆ ಜ್ವಾಲೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಲಾಕ್ ಮಾಡಿ, ಬೆರಳನ್ನು ಕೆಳಗೆ ಎಳೆಯಿರಿ. ಆಗ ಕುಡಿಯ ಹಳದಿ, ಬುಡದ ನೀಲಿ, ಎಣ್ಣೆ ಎರೆಯುವ ಕೈಯ ಬಳೆ ಕಾಣುತ್ತವೆ. ಫ್ಲ್ಯಾಶ್ ಹಾಕಿದವರಿಗೆ ಹೋಳಿಗೆ ಇಲ್ಲ ಅಂತ ಮೊದಲೇ ಹೇಳಿಬಿಡಿ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷ ಮೇಲೆಯೇ ಬೇಕು, ಅದನ್ನು ಒಂದು ಮಿಂಚು ಕೆಡಿಸುತ್ತದೆ. ಇದೇ ಕಾರಣಕ್ಕೆ ಪದಗಳನ್ನು ಫೋನಿನಲ್ಲಿ ನೋಡಿ ಹಾಡುವುದೂ ಬೇಡ. ದಪ್ಪ ಅಕ್ಷರದಲ್ಲಿ ಕಾಗದಕ್ಕೆ ಬರೆದು ಲಾಟೀನಿನ ಬೆಳಕಲ್ಲೇ ಓದಿ. ಮಕ್ಕಳು ಮರಳಿ ಮರಳಿ ಬರುವ ಸಾಲೊಂದನ್ನೇ ಕಲಿತರೂ ಸಾಕು, ಹಿಂದಿನಿಂದ ಎತ್ತಿಕೊಳ್ಳುತ್ತಾರೆ.

ಊರಿನ ಹಿರಿಯರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳುವುದಾದರೆ ಗಡಿಯಾರ ನೋಡಿಕೊಳ್ಳಿ. ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿನ ರಾತ್ರಿ ಎಂಟಕ್ಕೆ ತೀರ್ಥಹಳ್ಳಿಯಲ್ಲಿ ಬೆಳಗಿನ 5.30; ಆಮೇಲೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ 6.30. ಕರೆಯಲ್ಲಿ ದನಿ ತಡವಾಗಿ ತಲುಪುವುದರಿಂದ ಎರಡೂ ಕಡೆಯವರು ಒಟ್ಟಿಗೆ ಹಾಡಿದರೆ ಗೊಂದಲವೇ. ಅಜ್ಜ ಒಂದು ಪದ ಪೂರ್ತಿ ಹಾಡಲಿ, ನ್ಯೂಜೆರ್ಸಿಯವರು ಮ್ಯೂಟ್ ಮಾಡಿ ಕೇಳಲಿ. ಆಮೇಲೆ ಇವರ ಸರದಿ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡದಿದ್ದರೆ ಹಿಂದಿನ ಗುಂಪಿನ ದನಿಯನ್ನು ಆ್ಯಪ್ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ.

ಫೋಟೊದ ಚಪಲ ಹಗಲಲ್ಲೇ ತೀರಲಿ: ತೋರಣ, ಹಣತೆ ಸಾಲು, ಸೌತೆಕಾಯಿ ಕಡುಬು. ನ್ಯೂಜೆರ್ಸಿಯಲ್ಲಿ ಸಿಗುವ ಎಳೆ ಸೌತೆಯಲ್ಲಿ ನೀರು ಜಾಸ್ತಿ, ತುರಿದು ಹಿಂಡಿ. ಎರಡು ಲೋಟ ಅಕ್ಕಿ ತರಿಗೆ ಎರಡು ಲೋಟ ತುರಿ, ಒಂದು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ. ಕಲಸಿದ ಮೇಲೆ ಗಟ್ಟಿ ಅನ್ನಿಸಿದರೆ ಮಾತ್ರ ಹಿಂಡಿದ ನೀರನ್ನೇ ಚೂರು ಸೇರಿಸಿ. ಬಾಳೆಎಲೆಯಲ್ಲಿ ಮಡಚಿ ಮುಕ್ಕಾಲು ಗಂಟೆ ಬೇಯಿಸಿ. ಮುಚ್ಚಳ ತೆಗೆಯುವಾಗ ಮಾತ್ರ ಫೋನು ದೂರವಿರಲಿ, ಲೆನ್ಸು ಹಬೆ ಹಿಡಿದು ಏನೂ ಬರುವುದಿಲ್ಲ. ಬಾಳೆಎಲೆಯ ಘಮ ಆಗಲೇ ಬರುವುದು.

ಮರುದಿನ ದನಿಯ ಫೈಲಿಗೆ ಹೆಸರಿಡಿ: ವರ್ಷ, ಪದದ ಮೊದಲ ಸಾಲು, ಮುಂದೆ ಹಾಡಿದವರು, ಯಾವ ಊರಿನ ಮಟ್ಟು. ಅಜ್ಜನಿಗೆ ಕಳಿಸಿದರೆ ಯಾವ ಸಾಲು ತಪ್ಪಿದೆ ಅಂತ ಅವರೇ ಹೇಳುತ್ತಾರೆ.